ಕಡಿದ ಮರದ ಚಕ್ಕೆ ಗಿಡದ ಬುಡಕ್ಕೆ ಹೊದಿಕೆ

ಮರ ಕಡಿಸಿದಾಗ ಉಳಿಯುವ ಚಕ್ಕೆಯನ್ನು ಮಾವು, ನಿಂಬೆ, ದಾಸವಾಳದ ಸುತ್ತ 3 ಇಂಚು ದಪ್ಪಕ್ಕೆ ಹರಡಿ. ಕಾಂಡದಿಂದ ಅರ್ಧ ಗೇಣು ದೂರವಿರಲಿ, ತಾಗಿಕೊಂಡರೆ ತೊಗಟೆ ಕೊಳೆಯುತ್ತದೆ. ಮೊದಲು ಕಳೆ ಕಿತ್ತು ಮಣ್ಣನ್ನು ಚೆನ್ನಾಗಿ ನೆನೆಸಿಕೊಳ್ಳಿ. ಒಣನೆಲದ ಮೇಲೆ ಹಾಕಿದರೆ ಸಣ್ಣ ಮಳೆಯ ನೀರನ್ನೆಲ್ಲ ಚಕ್ಕೆಯೇ ಕುಡಿದುಬಿಡುತ್ತದೆ. ಈ ಹೊದಿಕೆಯಡಿ ತೇವ ಬೇಗ ಆರುವುದಿಲ್ಲ, ಕಳೆಬೀಜಕ್ಕೆ ಬೆಳಕೂ ಸಿಗುವುದಿಲ್ಲ. ಮಣ್ಣಿನೊಳಗೆ ಮಾತ್ರ ಬೆರೆಸಲೇಬೇಡಿ: ಚಕ್ಕೆ ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕ ಎಳೆದುಕೊಂಡು ಎಲೆ ಹಳದಿಯಾಗುತ್ತದೆ. ಮೇಲೆಯೇ ಇದ್ದರೆ ಬೇರಿಗೆ ಆ ತೊಂದರೆ ಅಷ್ಟಾಗಿ ಇಲ್ಲ. ಅಡಿಯಲ್ಲಿ ನೂಲಿನಂಥ ಬಿಳಿ ಎಳೆ ಕಂಡರೆ ಗಾಬರಿ ಬೇಡ, ಅದು ಕಟ್ಟಿಗೆ ಕೊಳೆಸುವ ಶಿಲೀಂಧ್ರ. ಸೊಪ್ಪು ಬಿತ್ತುವ ಮಡಿಗೆ ಇದು ಆಗದು, ಮೊಳಕೆ ಮೇಲೇಳುವುದಿಲ್ಲ. ಗೆದ್ದಲಿನ ಕಾಟವಿದ್ದರೆ ಮನೆ ಗೋಡೆಯ ಪಕ್ಕ ಹಾಕಬೇಡಿ.