ಸರಾಸರಿ ಬದಲಾವಣೆಯ ದರ: ಜನಗಣತಿಯ ಅಂಕಿ ಹಿಡಿದು ಒಂದು ಲೆಕ್ಕ

ಕರ್ನಾಟಕದ ಜನಸಂಖ್ಯೆ 2001ರ ಜನಗಣತಿಯಲ್ಲಿ 5,28,50,562, 2011ರಲ್ಲಿ 6,10,95,297. ವರ್ಷಕ್ಕೆ ಸರಾಸರಿ ಎಷ್ಟು ಜನ ಹೆಚ್ಚಿದರು?

ಕೊನೆಯ ಅಂಕಿಯಿಂದ ಮೊದಲಿನದನ್ನು ಕಳೆಯಿರಿ: 82,44,735. ಎರಡೂ ಗಣತಿ ಮಾರ್ಚ್ 1ರ ಲೆಕ್ಕ, ಹಾಗಾಗಿ ಅವಧಿ ಸರಿಯಾಗಿ 10 ವರ್ಷ. ಭಾಗಿಸಿದರೆ ವರ್ಷಕ್ಕೆ ಸುಮಾರು 8,24,474 ಜನ. ಬರೀ ಅಂಕಿ ಬರೆದು ಬಿಡಬೇಡಿ. ‘ವರ್ಷಕ್ಕೆ ಇಷ್ಟು ಜನ’ ಎಂದು ಮಾನ ಸೇರಿಸಿದರೇ ಅದು ದರ. ನಡುವಿನ ಯಾವ ವರ್ಷ ಎಷ್ಟು ಏರಿತೆಂಬುದು ಇದರಲ್ಲಿ ಸಿಗದು. ನಕ್ಷೆಯಲ್ಲಿ (ಗ್ರಾಫ್) ಎರಡು ತುದಿಗಳನ್ನು ಸೇರಿಸಿದ ನೇರ ಗೆರೆಯ ಇಳಿಜಾರು, ಅಷ್ಟೇ.

ಎಡವುವುದು ಹೆಚ್ಚಾಗಿ ಶೇಕಡಾವಾರಿನಲ್ಲಿ. ಹತ್ತು ವರ್ಷದ ಏರಿಕೆ ಶೇ 15.6. ಅದನ್ನು 10ರಿಂದ ಭಾಗಿಸಿ ‘ವರ್ಷಕ್ಕೆ ಶೇ 1.56’ ಎಂದರೆ ತಪ್ಪು. ಪ್ರತಿ ವರ್ಷದ ಶೇಕಡಾ ಹಿಂದಿನ ವರ್ಷ ಬೆಳೆದ ಮೊತ್ತದ ಮೇಲೆ ಬೀಳುತ್ತದೆ, ಚಕ್ರಬಡ್ಡಿಯ ಹಾಗೆ. ಶೇ 1.56ರಂತೆ ಏರಿದ್ದರೆ ಹತ್ತು ವರ್ಷಕ್ಕೆ ಶೇ 16.7 ಆಗುತ್ತಿತ್ತು. ಶೇ 15.6 ಏರಿಕೆ ಎಂದರೆ 1.156 ಪಟ್ಟು. ಅದರ ಹತ್ತನೇ ಮೂಲ (ಹತ್ತು ಸಲ ಬರೆದು ಗುಣಿಸಿದರೆ 1.156 ಆಗುವ ಸಂಖ್ಯೆ) ತೆಗೆಯಿರಿ: ಸುಮಾರು 1.0146, ಅಂದರೆ ವರ್ಷಕ್ಕೆ ಶೇ 1.46. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.156ರ ಘಾತ 0.1 ಒತ್ತಿದರೆ ಸಾಕು.

1991ರ ಜನಸಂಖ್ಯೆ 4,49,77,201. ಅಲ್ಲಿಂದ 2001ರವರೆಗಿನ ದಶಕದಲ್ಲಿ ವರ್ಷಕ್ಕೆ ಸುಮಾರು 7,87,336 ಜನ ಹೆಚ್ಚಿದರು, ದಶಕದ ಏರಿಕೆ ಶೇ 17.5. ಮುಂದಿನ ದಶಕದಲ್ಲಿ ತಲೆ ಲೆಕ್ಕ ಏರಿತು, ಶೇಕಡಾವಾರು ಇಳಿಯಿತು. ಎರಡೂ ನಿಜವೇ; ಯಾವುದನ್ನು ಹೇಳುತ್ತಿದ್ದೀರಿ ಎಂದು ಬರೆಯದಿದ್ದರೆ ಜಗಳ ಖಚಿತ.

ಎರಡು ದಶಕಗಳ ತಲೆ ಲೆಕ್ಕದ ದರ ಕೂಡಿಸಿ 2ರಿಂದ ಭಾಗಿಸಿದರೆ ಇಲ್ಲಿ ಸರಿಹೋಗುತ್ತದೆ, ಅವಧಿಗಳು ಸಮ. ಸಮವಲ್ಲದಿದ್ದರೆ ಹಾಗೆ ಮಾಡುವಂತಿಲ್ಲ: ಬಸ್ಸು 2 ಗಂಟೆ 40 ಕಿ.ಮೀ. ವೇಗದಲ್ಲಿ, 1 ಗಂಟೆ 70 ಕಿ.ಮೀ. ವೇಗದಲ್ಲಿ ಓಡಿದರೆ ಸರಾಸರಿ 55 ಅಲ್ಲ; 150 ÷ 3 = 50.

ಇಳಿಕೆಯಿದ್ದರೆ ಋಣ ಚಿಹ್ನೆ ಉಳಿಸಿಕೊಳ್ಳಿ. ಕನ್ನಂಬಾಡಿ ಕಟ್ಟೆಯ ಮಟ್ಟ ಒಂದು ತಿಂಗಳ 1ರ ಬೆಳಿಗ್ಗೆ 124.80 ಅಡಿ, 17ರ ಬೆಳಿಗ್ಗೆ 118.40 ಎಂದುಕೊಳ್ಳಿ. ನಡುವೆ 16 ದಿನ, 17 ಅಲ್ಲ. ದರ ದಿನಕ್ಕೆ −0.4 ಅಡಿ. ಇದು ಮಟ್ಟದ ದರ ಮಾತ್ರ. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದಡಿಯಲ್ಲಿ ತಳದ ಒಂದಡಿಗಿಂತ ಹೆಚ್ಚು ನೀರಿರುತ್ತದೆ. ನೀರಿನ ದರ ಬೇಕಿದ್ದರೆ ಮೊದಲು ಎರಡೂ ಮಟ್ಟವನ್ನು ಟಿಎಂಸಿಗೆ (ನೂರು ಕೋಟಿ ಘನ ಅಡಿಯ ಮಾನ) ಬದಲಿಸಿ, ಆಮೇಲೆ ಕಳೆಯಿರಿ.