ಪೆರ್ಲದ ಹಳೆ ಲ್ಯಾಪ್‌ಟಾಪಿನಲ್ಲಿ ನಾಲ್ಕು ಭಾಷೆ ಕೂರಿಸಿದ್ದು

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ಅಕ್ಕನ ಮನೆಯ ಲ್ಯಾಪ್‌ಟಾಪಿಗೆ ಹತ್ತು ವರ್ಷ ಆಗುತ್ತಾ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಅಕ್ಕನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಕೇರಳದ ಶಾಲೆಗಳಲ್ಲಿ ಸರ್ಕಾರದ ಕೈಟ್ ಸಂಸ್ಥೆಯವರ ಉಬುಂಟು ಆಧಾರಿತ ಲಿನಕ್ಸೇ (ವಿಂಡೋಸ್ ಬದಲಿಗೆ ಹಾಕುವ ಮುಕ್ತ ಸಿಸ್ಟಮ್) ಇರುವುದರಿಂದ ಅವಳಿಗೆ ಜಿಯೋಜಿಬ್ರಾ, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎಲ್ಲ ಮೊದಲೇ ಗೊತ್ತು. ಹಾಗಾಗಿ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, ಅದರ ಮೇಲೆ ಲಿನಕ್ಸ್ ಮಿಂಟ್ 22. ಇದು ಉಬುಂಟು 24.04ರ ಮೇಲೆ ನಿಂತದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ರ‍್ಯಾಮ್ ಬರೀ 4 ಜಿಬಿ, ಅದಕ್ಕೇ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆ.

ಇನ್‌ಸ್ಟಾಲ್ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ವೈಫೈ ಇಲ್ಲ. ವೈಫೈ ಓಡಿಸುವ ತಂತ್ರಾಂಶ, ಅಂದರೆ ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಫೋನನ್ನು ಚಾರ್ಜರಿನ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ತಕ್ಷಣ ನೆಟ್ ಬಂತು. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಅದು ತೋರಿಸಿದ ಡ್ರೈವರ್ ಹಾಕಿ ರೀಸ್ಟಾರ್ಟ್. ಇಷ್ಟೇ ಕೆಲಸ.

ಬೇರೆಯವರು ಹೊಸ ಸಿಸ್ಟಮ್‌ನಲ್ಲಿ ಮೊದಲು ಥೀಮು, ಐಕಾನು ಬದಲಾಯಿಸುತ್ತಾರೆ. ನಮ್ಮ ಕಡೆ ಮೊದಲು ಆಗಬೇಕಾದ್ದು ಕೀಬೋರ್ಡು. ಇಂಗ್ಲಿಷ್, ಕನ್ನಡ, ಮಲಯಾಳ, ಹಿಂದಿ ನಾಲ್ಕೂ ಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಒಂದು ಸಲಕ್ಕೆ ನಾಲ್ಕೇ ಲೇಔಟ್ (ಕೀಲಿಗಳ ವಿನ್ಯಾಸ) ಇಟ್ಟುಕೊಳ್ಳಬಹುದು, ಸರಿಯಾಗಿ ಲೆಕ್ಕಕ್ಕೆ ಸಿಕ್ಕಿತು. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಲೇಔಟ್. ಅಲ್ಲಿ ‘ಸಿಸ್ಟಮ್ ಡೀಫಾಲ್ಟ್’ ಅನ್ನುವುದರ ಟಿಕ್ ತೆಗೆದರೆ ಮಾತ್ರ ಸೇರಿಸಲು ಬಿಡುತ್ತದೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಕನ್ನಡಕ್ಕೆ ಕಗಪ ಆರಿಸಿದೆ. ಕೆ.ಪಿ. ರಾಯರು ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರ ಕೈಗೆ ಇದೇ ಒಗ್ಗಿರುವುದು. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರಾಯಿತು. ಎಫ್ ಒತ್ತಿದಾಗ ಒತ್ತಕ್ಷರಕ್ಕೆ ದಾರಿಯಾಗುತ್ತದೆ. ಹಿಂದಿಗೂ ಇದೇ ಕಗಪ ವಿನ್ಯಾಸ ಪಟ್ಟಿಯಲ್ಲಿದೆ ಅಂತ ನನಗೇ ಅವತ್ತು ಗೊತ್ತಾಯಿತು. ಕನ್ನಡದ ಕೈ ಹಿಂದಿಗೂ ನಡೆಯುತ್ತದೆ. ಮಲಯಾಳಕ್ಕೆ ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಹಾಕಿದೆ. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಇದಕ್ಕೆಲ್ಲ ಬೇರೆ ತಂತ್ರಾಂಶ ಏನೂ ಹಾಕಬೇಕಿಲ್ಲ.

‘ಮಾವ, ತುಳುವಿಗೆ?’ ಅಂತ ಅಕ್ಕನ ಮಗಳು ಕೇಳಿದಳು. ನಾವು ತುಳು ಬರೆಯುವುದು ಕನ್ನಡ ಲಿಪಿಯಲ್ಲೇ ಅಲ್ವಾ, ಅದೇ ಸಾಕು.

ಅಕ್ಷರಗಳಿಗೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್ ಹುಡುಕಿ ಹಾಕಿದೆ. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಮಂಜರಿ, ರಚನಾ. ಮಂಜರಿಯ ದುಂಡಗಿನ ಅಕ್ಷರ ನನಗೆ ತುಂಬಾ ಇಷ್ಟ.

ಇನ್ನು ಕರೆಂಟು. ಮಳೆಗಾಲದಲ್ಲಿ ನಮ್ಮಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ ಎಳೆಯುವುದು ರೂಢಿ. ಇದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಅಪ್‌ಡೇಟ್ ನಡೆಯುತ್ತಿದ್ದಾಗ ಅಕ್ಕ ಪ್ಲಗ್ ಎಳೆದಳು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ. ಆನ್ ಆಗುವಾಗಲೇ ಶಿಫ್ಟ್ ಹಿಡಿದು ಗ್ರಬ್ ಮೆನು (ಸಿಸ್ಟಮ್ ಶುರುವಾಗುವ ಮೊದಲಿನ ಆಯ್ಕೆ ಪಟ್ಟಿ) ತಂದು, ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೇ ಕರ್ನಲ್ (ಸಿಸ್ಟಮ್‌ನ ತಿರುಳು) ಆರಿಸಿದೆ, ಒಳಗೆ ಹೋಯಿತು. ಟರ್ಮಿನಲ್‌ನಲ್ಲಿ ‘ಸುಡೋ ಡಿಪಿಕೆಜಿ’, ಆಮೇಲೆ ಎರಡು ಅಡ್ಡಗೆರೆ, ‘ಕಾನ್ಫಿಗರ್’, ಒಂದು ಅಡ್ಡಗೆರೆ, ‘ಎ’. ಅರ್ಧಕ್ಕೆ ನಿಂತ ಕೆಲಸವನ್ನು ಅದೇ ಪೂರ್ತಿ ಮಾಡಿತು. ಮಾರನೇ ದಿನವೇ ಹೊಸ ಬ್ಯಾಟರಿ ತಂದೆ, ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಕ್ಕೆ ಹೋಗಲು ಸಿಸ್ಟಮ್‌ನ ಪ್ರತಿ) ಇಟ್ಟೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ನೀವು ಮಾಡುವಾಗ ಇದನ್ನೇ ಮೊದಲು ಮಾಡಿ.

ಸ್ವಾಪಿನೆಸ್ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಸರಿಸುವ ಪ್ರವೃತ್ತಿಯ ಅಳತೆ) 60ರಿಂದ 10ಕ್ಕೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಇಳಿಸಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ, ಹಾಗೇ ಬಿಟ್ಟೆ. ಸ್ಟಾರ್ಟಪ್‌ನಲ್ಲಿ ಬೇಡದ್ದನ್ನು ತೆಗೆದದ್ದರಿಂದ ಮಾತ್ರ ನಿಜಕ್ಕೂ ಚುರುಕಾಯಿತು. ಬಣ್ಣ, ವಾಲ್‌ಪೇಪರ್ ಎಲ್ಲ ಹುಡುಗಿಗೇ ಬಿಟ್ಟದ್ದು.

ಉಳಿದದ್ದು ಭಾವನ ಹಳೇ ಫೈಲುಗಳು. ಭಜನಾ ಮಂದಿರದ ಕಾರ್ಯದರ್ಶಿಯಾಗಿದ್ದಾಗ ಎಲ್ಲ ನುಡಿ 01 ಇ ಅಕ್ಷರದಲ್ಲಿ ಟೈಪ್ ಮಾಡಿದವು. ಲಿಬ್ರೆ ಆಫೀಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಕೊಂಬು. ಆ ಕಾಲದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕೂರಿಸುತ್ತಿದ್ದರು. ಆ ಫಾಂಟ್ ಹಾಕಿದರೆ ಕಾಣುತ್ತದೆ, ಆದರೆ ಹುಡುಕಲಾಗುವುದಿಲ್ಲ, ಫೋನಿಗೆ ಕಳಿಸಿದರೆ ಮತ್ತೆ ಕೊಂಬೇ. ಅದಕ್ಕೆ ಒಂದೊಂದನ್ನೇ ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡಿಗೆ (ಎಲ್ಲ ಕಡೆ ಓದಲಾಗುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸುತ್ತಿದ್ದೇನೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಪರಿವರ್ತಕ ತಪ್ಪುವುದು ಇಲ್ಲೇ. ಹಾಗಾಗಿ ಪ್ರತಿ ಫೈಲಿನಲ್ಲೂ ಕೊನೆಗೆ ಹೋಗಿ ಭಾವನ ಸಹಿಯ ಕೆಳಗಿನ ‘ಕಾರ್ಯದರ್ಶಿ’ ನೋಡುತ್ತೇನೆ, ಅದರಲ್ಲಿ ಎರಡು ಅರ್ಕಾವತ್ತು. ಎರಡೂ ಸರಿ ಬಂದಿದ್ದರೆ ಮುಂದಿನದಕ್ಕೆ ಕೈ ಹಾಕುತ್ತೇನೆ. ಆಮಂತ್ರಣ ಪತ್ರಗಳು ಮುಗಿದವು, ಲೆಕ್ಕದ ಪುಸ್ತಕಗಳು ಬಾಕಿ ಇವೆ.