ಹಡಗು ಯಾರಿಗೂ ಕಾಯುವುದಿಲ್ಲ: ಕ್ರೂಸ್ ಹೊರಟವರು ಏನೇನು ಮಾಡಬೇಕು?

ಸಂಜೆ 5ಕ್ಕೆ ಹಡಗು ಹೊರಡುತ್ತದೆ ಎಂದರೆ 5ಕ್ಕೆ ಬಂದರು ತಲುಪಿದರೆ ಸಾಲದು. ಸಾಮಾನ್ಯವಾಗಿ ಕನಿಷ್ಠ ಅರ್ಧ ಗಂಟೆ ಮೊದಲೇ ಎಲ್ಲರೂ ಹಡಗಿನೊಳಗೆ ಇರಬೇಕು. ಆಮೇಲೆ ಮೆಟ್ಟಿಲು ಎಳೆದುಕೊಳ್ಳುತ್ತಾರೆ, ಹಗ್ಗ ಬಿಚ್ಚುತ್ತಾರೆ. ದಡದಲ್ಲಿ ಓಡಿ ಬರುತ್ತಿರುವವರು ಕಣ್ಣಿಗೆ ಬಿದ್ದರೂ ಹಡಗು ನಿಲ್ಲುವುದು ಅಪರೂಪ. ಆ ಜಾಗಕ್ಕೆ ಇನ್ನೊಂದು ಹಡಗು ಬರುವುದಿರುತ್ತದೆ. ಬಂದರಿನಿಂದ ಹೊರಗೆ ದಾರಿ ತೋರಿಸುವ ಪೈಲಟ್ ಆಗಲೇ ಹತ್ತಿರುತ್ತಾರೆ. ತಡವಾದಷ್ಟೂ ಮುಂದಿನ ಊರಿಗೆ ಜೋರಾಗಿ ಓಡಬೇಕು, ಇಂಧನ ಜಾಸ್ತಿ ಸುಡಬೇಕು.

ಕ್ರೂಸ್‌ನಲ್ಲಿ ಸುಖ ಎಷ್ಟಿರುತ್ತದೆಂದರೆ, ನಾವು ಕಡಲ ಮೇಲಿದ್ದೇವೆ, ಈ ಹಡಗಿಗೆ ತನ್ನದೇ ವೇಳೆ ಇದೆ ಎನ್ನುವುದೇ ಮರೆತುಹೋಗುತ್ತದೆ. ಪ್ರಯಾಣಿಕರಿಗೆ ಆಗುವ ತೊಂದರೆಗಳಲ್ಲಿ ಬಹಳಷ್ಟು ಈ ಮರೆವಿನಿಂದಲೇ ಬರುತ್ತವೆ.

1. ಹೊರಡುವ ಮೊದಲು

ಹಡಗು ಹೊರಡುವ ಊರಿಗೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಅದೇ ದಿನ ಬೆಳಿಗ್ಗೆಯ ವಿಮಾನ ನಂಬಿ ಹೋದರೆ, ವಿಮಾನ ತಡವಾದ ಕ್ಷಣವೇ ರಜೆ ಕೈತಪ್ಪಬಹುದು. ಒಂದು ರಾತ್ರಿಯ ಹೋಟೆಲ್ ಖರ್ಚು ಇದಕ್ಕಿಂತ ಕಡಿಮೆ.

ವೀಸಾ ನೋಡುವಾಗ ಹತ್ತುವ ಊರನ್ನಷ್ಟೇ ನೋಡಬೇಡಿ. ಹಡಗು ನಿಲ್ಲುವ ಪ್ರತಿ ದೇಶದ ನಿಯಮವನ್ನೂ ನೋಡಿ. ಉದಾಹರಣೆಗೆ, ಗ್ರೀಸ್‌ನಲ್ಲಿ ಹತ್ತಿ, ಟರ್ಕಿ ನೋಡಿ, ಮತ್ತೆ ಗ್ರೀಸ್‌ಗೆ ಬರುವ ಪ್ರವಾಸ ಅಂದುಕೊಳ್ಳಿ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ, ಆದರೆ ಟರ್ಕಿ ಸೇರದ ಷೆಂಗೆನ್ ವೀಸಾ ಬೇಕಾದವರು ಒಂದೇ ಸಲದ ಪ್ರವೇಶದ ವೀಸಾ ಪಡೆದಿದ್ದರೆ ಟರ್ಕಿಗೆ ಹೋದಾಗ ಅದು ಮುಗಿದೇ ಹೋಗುತ್ತದೆ. ಹಲವು ಪ್ರವೇಶದ ವೀಸಾ ಬೇಕು. ಇದನ್ನು ಹಡಗು ಹತ್ತುವ ಕೌಂಟರ್‌ನಲ್ಲಿ ತಿಳಿದುಕೊಂಡರೆ ಏನೂ ಮಾಡಲಾಗದು.

ಪ್ರಯಾಣ ವಿಮೆ ಮಾಡಿಸುವಾಗ ಒಂದು ಸಾಲು ಹುಡುಕಿ: ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುತ್ತಾರೆಯೇ? ಹಡಗಿನಲ್ಲಿ ವೈದ್ಯರು ಇರುತ್ತಾರೆ. ಆದರೆ ಅವರ ಬಿಲ್ ನೇರವಾಗಿ ಹಡಗಿನಲ್ಲಿರುವ ನಿಮ್ಮ ಖರ್ಚಿನ ಖಾತೆಗೆ ಬೀಳುತ್ತದೆ. ನಡುಗಡಲಿನಿಂದ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಗಿ ಬಂದರೆ ಸಾಮಾನ್ಯ ಕುಟುಂಬ ತಾಳಿಕೊಳ್ಳುವ ಮೊತ್ತ ಅದಲ್ಲ.

2. ಹತ್ತುವ ದಿನದ ಕೈಚೀಲ

ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ಕೊಡುತ್ತೀರಿ. ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು, ರಾತ್ರಿಯೂ ಆಗಬಹುದು. ಹಾಗಾಗಿ ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ, ಮಕ್ಕಳಿಗೆ ಈಜುಡುಗೆ, ಪವರ್ ಬ್ಯಾಂಕ್ ಇವೆಲ್ಲ ಕೈಚೀಲದಲ್ಲೇ ಇರಲಿ. ಔಷಧಿ ಪ್ರವಾಸಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಹವಾಮಾನ ಕೆಟ್ಟು ಹಡಗು ತಡವಾಗುವುದುಂಟು.

ಇಸ್ತ್ರಿಪೆಟ್ಟಿಗೆ, ಮೇಣದ ಬತ್ತಿ, ನೀರು ಕಾಯಿಸುವ ಕಾಯಿಲ್ ತರಬೇಡಿ. ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ ಏರಿಳಿತ ತಡೆಯುವ ಸಾಧನ) ಇರುವ ಪ್ಲಗ್ ಪಟ್ಟಿಯನ್ನೂ ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಇದು ಕಿರಿಕಿರಿ ಅನಿಸಬಹುದು, ಆದರೆ ನಡುಗಡಲಿಗೆ ಅಗ್ನಿಶಾಮಕ ವಾಹನ ಬರುವುದಿಲ್ಲ, ಅಲ್ವಾ? ಬೆಂಕಿ ಬಿದ್ದರೆ ಆರಿಸಬೇಕಾದವರು ಹಡಗಿನ ಸಿಬ್ಬಂದಿಯೇ.

3. ಡ್ರಿಲ್ ತಪ್ಪಿಸಬೇಡಿ

ಮೊದಲ ದಿನ ಎಲ್ಲರಿಗೂ ಸುರಕ್ಷತಾ ಡ್ರಿಲ್ ಇರುತ್ತದೆ. ಹಲವು ಹಡಗುಗಳಲ್ಲಿ ಈಗ ವಿಡಿಯೊವನ್ನು ಫೋನಿನಲ್ಲಿ ಅಥವಾ ಕ್ಯಾಬಿನ್ನಿನ ಟಿವಿಯಲ್ಲಿ ನೋಡಿ, ನಿಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ಅಪಾಯ ಬಂದಾಗ ನೀವು ಸೇರಬೇಕಾದ ಜಾಗಕ್ಕೆ, ಹೋಗಿ ಹಾಜರಿ ಹಾಕಿಸಿಕೊಂಡರೆ ಆಯಿತು. ಅದಕ್ಕೇ ಜನ ಸುಮ್ನೆ ವಿಡಿಯೊ ಓಡಿಸಿ ಬೇರೆ ಕೆಲಸ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅಂದು ಸಂಜೆ ಚಿವಿಟಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈ ದುರಂತದ ನಂತರ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ತಿದ್ದುಪಡಿ ತಂದರು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯ.

ಏಳು ಚಿಕ್ಕ ಸೈರನ್, ಕೊನೆಗೆ ಒಂದು ಉದ್ದ ಸೈರನ್. ಇದು ಅಪಾಯದ ಕರೆ. ಕೇಳಿದರೆ ಬೆಚ್ಚಗಿನ ಬಟ್ಟೆ ಹಾಕಿ, ಗಟ್ಟಿ ಚಪ್ಪಲಿ ಅಥವಾ ಶೂ ಮೆಟ್ಟಿ, ದಿನವೂ ತೆಗೆದುಕೊಳ್ಳುವ ಔಷಧಿ ಹಿಡಿದು ಮಸ್ಟರ್ ಸ್ಟೇಷನ್‌ಗೆ ನಡೆಯಿರಿ. ಲಿಫ್ಟ್ ಬೇಡ. ಕ್ಯಾಬಿನ್ನಿನಿಂದ ದೂರ ಇದ್ದರೆ ಲೈಫ್ ಜಾಕೆಟ್ ತರಲು ವಾಪಸ್ ಓಡುವುದೂ ಬೇಡ, ಮಸ್ಟರ್ ಸ್ಟೇಷನ್‌ನಲ್ಲೂ ಕೊಡುತ್ತಾರೆ. ಮೊದಲ ದಿನವೇ ಕ್ಯಾಬಿನ್ನಿನಿಂದ ಅಲ್ಲಿಯವರೆಗೆ ಮೆಟ್ಟಿಲಲ್ಲಿ ಒಂದು ಸಲ ನಡೆದು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕತ್ತಲಲ್ಲಿ, ಗಾಬರಿಯಲ್ಲಿ ದಾರಿ ಹುಡುಕುವುದು ಬೇರೆಯೇ ಕೆಲಸ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ಜೋರಾಗಿ ಕೂಗಿ, ಲೈಫ್‌ಬಾಯ್ ಎನ್ನುವ ತೇಲುವ ಬಳೆ ಎಸೆಯಿರಿ, ಆ ವ್ಯಕ್ತಿಯ ಕಡೆ ಕೈ ತೋರಿಸುತ್ತಲೇ ಇರಿ. ಕಣ್ಣು ಬೇರೆಡೆ ತಿರುಗಿಸಬೇಡಿ. ಅಲೆಗಳ ನಡುವೆ ಒಂದು ತಲೆ ಮತ್ತೆ ಹುಡುಕುವುದು ಬಹಳ ಕಷ್ಟ.

4. ಹೊಟ್ಟೆ, ಕೈ, ಫೋನು

ಅಲುಗಾಟಕ್ಕೆ ವಾಕರಿಕೆ ಬರುವವರು ಹಡಗಿನ ಮಧ್ಯಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ. ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ಅದು ಅಷ್ಟು ಕೆಲಸ ಮಾಡುವುದಿಲ್ಲ. ತಲೆ ಸುತ್ತಿದರೆ ಕ್ಯಾಬಿನ್ನಿನಲ್ಲಿ ಫೋನ್ ನೋಡುತ್ತಾ ಮಲಗಬೇಡಿ. ಹೊರಗೆ ಬಂದು ಗಾಳಿಗೆ ನಿಂತು, ಕಡಲೂ ಆಕಾಶವೂ ಸೇರುವ ಗೆರೆ ನೋಡಿ.

ಹಡಗಿನಲ್ಲಿ ಬೇಗ ಹರಡುವ ಹೊಟ್ಟೆಯ ರೋಗ ನೊರೊವೈರಸ್. ಊಟದ ಹಾಲ್ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರೆ. ಆದರೆ ಈ ವೈರಸ್‌ಗೆ ಆಲ್ಕೊಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಾಕಿ 20 ಸೆಕೆಂಡು ಕೈ ತೊಳೆಯುವುದೇ ಸರಿ. ವಾಂತಿ ಭೇದಿ ಶುರುವಾದರೆ ಮುಚ್ಚಿಡಬೇಡಿ. ಕ್ಯಾಬಿನ್ನಿನಲ್ಲಿ ಒಂದೆರಡು ದಿನ ಇರಿಸುತ್ತಾರೆ ಎಂದು ಹೆದರಿ ಬುಫೆಗೆ ಹೋದರೆ ಸಾವಿರಾರು ಜನರ ರಜೆ ಹಾಳಾಗಬಹುದು.

ಹಡಗು ಹೊರಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುಗಡಲಿನಲ್ಲಿ ಫೋನ್ ಹಿಡಿಯುವುದು ಹಡಗಿನದೇ ಉಪಗ್ರಹ ನೆಟ್‌ವರ್ಕ್. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದು ಕಡಿಮೆ. ಇಂಟರ್ನೆಟ್ ಬೇಕಿದ್ದರೆ ವೈಫೈ ಪ್ಯಾಕ್ ಕೊಳ್ಳಿ.

5. ಬಂದರಿನ ದಿನ: ಯಾವ ಗಡಿಯಾರ?

ಇಳಿಯುವ ಮೊದಲು ನೋಡಬೇಕಾದದ್ದು ಹಡಗಿನ ಸಮಯ. ಅದೂ ಊರಿನ ಸಮಯವೂ ಒಂದೇ ಆಗಿರಬೇಕೆಂದಿಲ್ಲ. ಮೆಕ್ಸಿಕೊದ ಕೊಸುಮೆಲ್ ದ್ವೀಪ ನೋಡಿ. ಅಲ್ಲಿ ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಅಮೆರಿಕದ ಮಯಾಮಿಯಿಂದ ಬಂದ ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡಿದ್ದರೆ, ದ್ವೀಪದ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ. ಫೋನ್ ಊರಿನ ಟವರ್ ಹಿಡಿದು ತಾನಾಗಿ ಸಮಯ ಬದಲಿಸಿಕೊಂಡಿರುತ್ತದೆ. ನಾಲ್ಕು ಗಂಟೆ ಅಂದುಕೊಂಡು ಆರಾಮಾಗಿ ಕೂತವರಿಗೆ ಹಡಗಿನಲ್ಲಿ ಆಗಲೇ ಐದು. ಹಾಗಾಗಿ ಸಾಧಾರಣ ಕೈಗಡಿಯಾರ ಒಂದನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಳ್ಳಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಎರಡನೆಯದು ದೂರ. ಕರಪತ್ರದಲ್ಲಿ ‘ರೋಮ್’ ಎಂದಿರುತ್ತದೆ. ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ, ರೋಮ್‌ಗೆ ಅಲ್ಲಿಂದ ಸುಮಾರು 70 ಕಿ.ಮೀ. ‘ಪ್ಯಾರಿಸ್’ ಎಂದರೆ ಲೆ ಹಾವ್ರ್, ಸುಮಾರು 200 ಕಿ.ಮೀ. ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ಇಂಥ ಕಡೆ ಹಡಗಿನವರೇ ನಡೆಸುವ ಪ್ರವಾಸ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಅವರೇ ಮುಂದಿನ ಊರಿಗೆ ಕಳಿಸುವ ವ್ಯವಸ್ಥೆ ಮಾಡುತ್ತಾರೆ. ನೀವೇ ಮಾಡಿಕೊಂಡ ಟ್ಯಾಕ್ಸಿ ಕೆಟ್ಟರೆ ಆ ಭಾಗ್ಯ ಇಲ್ಲ. ಬಂದರಿನ ಪಕ್ಕದಲ್ಲೇ ಊರಿದ್ದರೆ ಮಾತ್ರ ಸ್ವಂತವಾಗಿ ಸುತ್ತಿ. ಅಗ್ಗವೂ ಹೌದು, ಖುಷಿಯೂ ಹೌದು. ದೂರದ ಜಾಗವನ್ನು ಮೊದಲು ನೋಡಿ, ಸಂಜೆ ಹೊತ್ತಿಗೆ ಹಡಗಿನ ಹತ್ತಿರದ ಬೀದಿಗಳಲ್ಲಿರಿ.

ಕೆಲವು ಊರಿನಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ. ದೂರದಲ್ಲಿ ನಿಲ್ಲಿಸಿ, ಟೆಂಡರ್ ಎನ್ನುವ ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಗ್ರೀಸ್‌ನ ಸ್ಯಾಂಟೊರಿನಿ ಹಾಗೆ. ಅಲ್ಲಿ ದೋಣಿ ಇಳಿದ ಮೇಲೆ ಬೆಟ್ಟದ ಮೇಲಿನ ಫಿರಾ ಪಟ್ಟಣಕ್ಕೆ ಕೇಬಲ್ ಕಾರ್ ಇದೆ, ಇಲ್ಲದಿದ್ದರೆ ಸುಮಾರು 600 ಮೆಟ್ಟಿಲು. ಸಂಜೆ ಎಲ್ಲರೂ ಒಟ್ಟಿಗೆ ಇಳಿಯಲು ಬಂದಾಗ ಕೇಬಲ್ ಕಾರಿನ ಸಾಲು ಗಂಟೆಗಟ್ಟಲೆ ಆಗಬಹುದು. ಇಂಥ ಊರಲ್ಲಿ ಹಡಗು ಹೊರಡುವ ಸಮಯ ಮುಖ್ಯವಲ್ಲ, ಕೊನೆಯ ದೋಣಿಯ ಸಮಯ ಮುಖ್ಯ. ಅಲೆ ಜೋರಿದ್ದರೆ ದೋಣಿಯನ್ನೇ ರದ್ದು ಮಾಡುತ್ತಾರೆ. ಹಾಗಾಗಿ ಹಣ ವಾಪಸ್ ಕೊಡದ ಟಿಕೆಟ್ ಮೊದಲೇ ಕೊಳ್ಳಬೇಡಿ.

ಇಳಿಯುವಾಗ ಹಡಗಿನ ಕಾರ್ಡ್, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟಿನ ಪ್ರತಿ, ಬ್ಯಾಂಕ್ ಕಾರ್ಡ್, ಒಂದಿಷ್ಟು ನಗದು ಇರಲಿ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಪೋರ್ಟ್ ಏಜೆಂಟ್‌ನ, ಅಂದರೆ ಆ ಬಂದರಿನಲ್ಲಿ ಹಡಗಿನ ಕಂಪನಿಯ ಪರವಾಗಿ ಕೆಲಸ ನೋಡುವವರ, ಫೋನ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮೊದಲು ಕರೆ ಮಾಡಬೇಕಾದದ್ದು ಅವರಿಗೇ. ಪ್ರಯಾಣಿಕರು ಬಾರದಿದ್ದಾಗ ಕ್ಯಾಬಿನ್ನಿನ ಲಾಕರ್‌ನಲ್ಲಿ ಸಿಕ್ಕ ಪಾಸ್‌ಪೋರ್ಟನ್ನು ಏಜೆಂಟರ ಕೈಗೆ ಕೊಟ್ಟು ಹೋಗುವ ರೂಢಿ ಹಲವು ಹಡಗುಗಳಲ್ಲಿ ಇದೆ. ಮುಂದಿನ ಬಂದರಿನವರೆಗಿನ ಖರ್ಚು ಮಾತ್ರ ನಿಮ್ಮದೇ.

ಬುಫೆಯ ಹಣ್ಣು, ಸ್ಯಾಂಡ್‌ವಿಚ್ ಚೀಲಕ್ಕೆ ಹಾಕಿಕೊಂಡು ಇಳಿಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಒಂದು ಸೇಬಿಗೂ ದೊಡ್ಡ ದಂಡ ಬೀಳಬಹುದು. ಬೆಳೆಗೆ ರೋಗ, ಕೀಟ ಬರಬಾರದೆಂದು ಅಷ್ಟು ಬಿಗಿ.

6. ಇಳಿಯುವ ಹಿಂದಿನ ದಿನ

ಹಡಗಿನಲ್ಲಿ ಎಲ್ಲ ಖರ್ಚೂ ಅವರು ಕೊಟ್ಟ ಹಡಗಿನ ಕಾರ್ಡಿಗೆ ಸೇರುತ್ತಾ ಹೋಗುತ್ತದೆ. ಸಿಬ್ಬಂದಿಯ ಟಿಪ್ಸ್ ಕೂಡ ದಿನದ ಲೆಕ್ಕದಲ್ಲಿ ತಾನಾಗಿ ಸೇರುವುದುಂಟು. ಕೊನೆಯ ಬೆಳಿಗ್ಗೆ ಲೆಕ್ಕ ಕೇಳಲು ಹೋದರೆ ಉದ್ದನೆಯ ಸಾಲು. ಹಿಂದಿನ ದಿನ ಮಧ್ಯಾಹ್ನವೇ ನೋಡಿ, ತಪ್ಪಿದ್ದರೆ ಸರಿಮಾಡಿಸಿ. ಹಡಗಿನ ಈ ಖಾತೆಗೆ ಡೆಬಿಟ್ ಕಾರ್ಡ್ ಜೋಡಿಸಿದ್ದರೆ, ಅವರು ತಡೆಹಿಡಿದ ಹಣ ಬಿಡುಗಡೆಯಾಗಲು ಕೆಲವು ದಿನ ಬೇಕಾಗಬಹುದು. ಅದಕ್ಕೇ ಕ್ರೆಡಿಟ್ ಕಾರ್ಡ್ ಒಳ್ಳೆಯದು.

ರಾತ್ರಿ ಸೂಟ್‌ಕೇಸುಗಳನ್ನು ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಶೂ, ಔಷಧಿ, ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡೇ ಜಿಪ್ ಎಳೆಯಿರಿ. ಬೇಗ ಹೋಗಬೇಕಿದ್ದರೆ, ಎಲ್ಲ ಚೀಲ ನೀವೇ ಹೊರಬಲ್ಲಿರಾದರೆ, ಮೊದಲು ಇಳಿಯುವ ಗುಂಪಿಗೆ ಸೇರಬಹುದು. ವಿಮಾನ ಮಾತ್ರ ಮಧ್ಯಾಹ್ನದ ಮೇಲಿನದೇ ಇರಲಿ. ಹಡಗು ಬೆಳಿಗ್ಗೆ 7ಕ್ಕೆ ದಡ ಸೇರಿದರೂ ಅಧಿಕಾರಿಗಳ ಅನುಮತಿ, ಪಾಸ್‌ಪೋರ್ಟ್ ಸಾಲು, ಸಾಮಾನು ಹುಡುಕುವುದು ಎಲ್ಲ ಮುಗಿಯುವಾಗ ಹತ್ತಾಗುವುದು ಹೊಸದೇನಲ್ಲ.

ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದ ಹಾಗೆ ಅನಿಸಿದರೆ ಗಾಬರಿ ಬೇಡ. ದೇಹ ಇನ್ನೂ ಹಡಗಿನ ಓಲಾಟಕ್ಕೆ ಒಗ್ಗಿಕೊಂಡೇ ಇರುತ್ತದೆ. ಅಂಥ ಹೊತ್ತಲ್ಲಿ ಕಾರು ಓಡಿಸಬೇಡಿ. ವಾರಗಟ್ಟಲೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ.